ತಳ ನೋಡುವ ಮುಖ

ಹೂನಾ
ಸೆಪ್ಟೆಂಬರ್ ಕೊನೆಯ ವಾರ, 1975

ವೆಸ್ಲಿ,

ಮೊದಲ ಸಾಲಿಗೆ ಏನು ಬರೆಯುವುದೆಂದು ತಿಳಿಯದೆ ಹಾಳೆಗಳು ಹಾಳಾದವು. 'ಪ್ರೀತಿಯ' ಎಂದು ಬರೆದರೆ ಸುಳ್ಳೆನಿಸುತ್ತದೆ, ಬರೆಯದಿದ್ದರೂ ಸುಳ್ಳೇ ಎನಿಸುತ್ತದೆ. ಅದಕ್ಕೆ ಬರೀ ಹೆಸರು ಬರೆದಿದ್ದೇನೆ. ಪೀಟರ್ಸ್‌ಬರ್ಗಿನ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ನಿನ್ನನ್ನು ಕಂಡುಬಂದವರು ನೀನು ಇಳಿದುಹೋಗಿದ್ದೀಯ, ಆದರೆ ಕೆಲಸ ತಪ್ಪಿಸುವುದಿಲ್ಲ ಎಂದರು. ಅಷ್ಟು ತಿಳಿದಿದೆ. ನಾವು ಇಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯುವ ಜಾಗದಲ್ಲಿ ಇದ್ದೇವೆ ಎಂದು ಬರೆದಿದ್ದೇನೆ, ಅದನ್ನು ಹಾಗೇ ಓದಿಕೋ.

ಬರೆಯಲು ಹೇಳಿದವಳು ಅಮ್ಮ. ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡಬಾರದೆಂಬ ಹಳೆಯ ನಿಯಮವನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದವಳೆಂದು ನಿನಗೆ ಗೊತ್ತೇ ಇದೆ. ನೀನು ಮನೆಯಲ್ಲಿದ್ದಾಗ ಎಲ್ಲವನ್ನೂ ಒಲೆಗೆ ಹೇಳುತ್ತಿದ್ದಳು. "ಸೌದೆ ಮುಗೀತಾ ಬಂತಲ್ಲಪ್ಪಾ ಒಲೆರಾಯ, ಕಣ್ಣಿದ್ದೋರಿಗೆ ಕಾಣ್ತಿತ್ತು" ಎಂದರೆ ನೀನು ಉಣ್ಣುವುದನ್ನು ಬಿಟ್ಟು ಎದ್ದು ಕೊಡಲಿ ಹುಡುಕುತ್ತಿದ್ದೆ. ನೀನು ಹೋಗಿ ಹತ್ತು ತಿಂಗಳಾಯಿತು, ಅವಳ ಅಭ್ಯಾಸ ಹೋಗಿಲ್ಲ. ಮೊನ್ನೆ ನಾನು ಎದುರಿಗೇ ಕೂತಿದ್ದರೂ ಒಲೆಗೇ ಹೇಳಿದಳು: "ನನ್ನ ಮಗನ ವರ್ಷದ ಊಟ ಇಟ್ಕೊಂಡಿದೀವಿ, ಅವನ ಹೆಸರನ್ನ ಮಗೂಗೆ ಇಡ್ಬೇಕು. ಎದುರು ಕಡೆಯೋರು ಕೂತು ಹೆಸರು ಕೂಗದೇ ಇದ್ರೆ ಹೆಸರು ಇಟ್ಟ ಹಾಗೆ ಆಗತ್ತೇನಪ್ಪಾ? ಮಗೂನ ಹಡೆದ ಅಪ್ಪನೇ ಬರಲ್ಲ ಅಂದ್ರೆ ಯಾರು ಕೂಗ್ತಾರೆ? ನೀನು ಕೂಗ್ತೀಯಾ?"

ಒಲೆಗೆ ಒಂದು ಸೌದೆ ಹಾಕಿದೆ. ನಾನು ಬರೆಯುತ್ತೇನೆ ಎಂದೆ.

ಊಟ ಅಕ್ಟೋಬರಿನ ಕೊನೆಯ ಶನಿವಾರಕ್ಕೆ. ಕಾಗೆ ಕುಲದ ಕಡೆಯವರಾದ ನಾವು ಬಡಿಸುತ್ತೇವೆ, ಹದ್ದಿನ ಕುಲದ ಕಡೆಯವರಾದ ನೀವು ಕೂತು ಉಣ್ಣುತ್ತೀರಿ. ನೀವು ಉಂಡದ್ದು ನನ್ನ ತಮ್ಮ ಎಮೆಟ್‌ಗೆ ಮುಟ್ಟುತ್ತದೆ. ಬೆಳ್ಳಗೆ ಹಾಸಿದ ಮೇಜುಗಳು, ಕಂಬಳಿಗಳ ಗಂಟು, ಹಣ್ಣಿನ ಜಾಡಿಗಳು ಎಲ್ಲ ಸಿದ್ಧವಾಗುತ್ತಿವೆ. ಸತ್ತವನ ಕಡೆಯವರು ಭಾವಂದಿರಿಗೆ ಉಪಚಾರ ಮಾಡಿ, ನೀವು ನಮ್ಮ ದುಃಖ ಹೊತ್ತಿರಿ ಎಂದು ಹೇಳಿ, ಕೈಗೆ ಕಂಬಳಿ ಕೊಡಬೇಕು. ಅವನ ಭಾವ ನೀನೇ. ಅವನು ಮುಳುಗಿದ ದಿನ ಅವನ ದೋಣಿಯಲ್ಲಿದ್ದವನೂ ನೀನೇ. ನಿನಗೆ ಕಂಬಳಿ ಹೊದಿಸಬೇಕಾದವಳು ಅವನ ಅಕ್ಕ, ನಾನು. ಊರಿಗೆಲ್ಲ ಈ ವಿಷಯ ಗೊತ್ತಿರುವುದರಿಂದ ನನ್ನೆದುರು ಯಾರೂ ಅದನ್ನು ಎತ್ತುವುದಿಲ್ಲ. ನಾನು ಅಂಗಡಿಗೆ ಹೋದರೆ ಹವಾಮಾನದ ಮಾತು ಶುರುವಾಗುತ್ತದೆ.

ನೀನು ದೋಣಿಯವರ ಕೈಲಿ ಕಳಿಸಿದ ಪೊಟ್ಟಣ ಬಂದಿದೆ. ಜೊತೆಗೆ ಕಾಗದವೇನೂ ಇಲ್ಲವೆಂದು ತಂದವನೇ ಹೇಳಿದ. ನಾನು ಬಿಚ್ಚಿಲ್ಲ. ಕಪಾಟಿನ ಮೇಲಿಟ್ಟಿದ್ದೇನೆ.

ಸೈಮನ್ ನಡೆಯುತ್ತಾನೆ. ನೀನು ಹೋಗುವಾಗ ಮಗ್ಗುಲು ಹೊರಳುತ್ತಿದ್ದ, ಈಗ ಮೇಜಿನ ಕಾಲು ಹಿಡಿದು ಒಂದು ಸುತ್ತು ಹಾಕಿ, ಕೈ ಬಿಟ್ಟು, ಅಮ್ಮನ ಲಂಗದ ಅಂಚಿನವರೆಗೆ ಓಡಿ ಬೀಳುತ್ತಾನೆ. ಮೇಲೆ ಕೆಳಗೆ ಹಲ್ಲು ಬಂದಿವೆ. ದವಡೆಯ ಹಲ್ಲು ಒಡೆಯುತ್ತಿದೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ. ಕುರ್ಚಿಯ ಅಂಚು, ಅಮ್ಮ ಚರ್ಚಿಗೆ ಹಾಕುವ ಶೂ, ನನ್ನ ಭುಜ.

ನನಗೆ ನಿದ್ದೆಯಿಲ್ಲ. ನಿದ್ದೆ ಬರುವುದಿಲ್ಲ ಎನ್ನುವುದಕ್ಕಿಂತ, ಅದು ಈ ಮನೆ ಬಿಟ್ಟು ಬೇರೆಲ್ಲೋ ಬಿಡಾರ ಹೂಡಿದೆ ಎನ್ನಬೇಕು. ಮಗು ಮಲಗಿದಾಗ ನಾನು ಅವನ ಮೂಗಿನ ಹತ್ತಿರ ಕೈಗನ್ನಡಿ ಹಿಡಿಯುತ್ತೇನೆ. ಮಂಜು ಕೂಡುತ್ತದೆ. ಒರೆಸಿ ಮತ್ತೆ ಹಿಡಿಯುತ್ತೇನೆ. ಕಾಲೇಜಿನಲ್ಲಿ ತಾಯಂದಿರ ಆತಂಕದ ಬಗ್ಗೆ ಒಂದು ಪಾಠವೇ ಇತ್ತು, ಸಾಲುಗಳ ಕೆಳಗೆ ಗೆರೆ ಎಳೆದು ಓದಿದ್ದೆ, ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಿದ್ದೆ. ಈಗ ನೆನಪಿರುವುದು ಗೆರೆಗಳು ಮಾತ್ರ. ನೀರೆಂದರೆ ನನಗೆ ಆಗುತ್ತಿಲ್ಲ. ಮಗುವನ್ನು ತೊಟ್ಟಿಯಲ್ಲಿ ಕೂರಿಸಿ ಮೀಯಿಸಲು ಆಗುವುದಿಲ್ಲ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಬಿಡುತ್ತೇನೆ. ಅಮ್ಮ ಬಹಳ ದಿನ ನೋಡಿ ಒಂದು ದಿನ, "ಲೆನೋರಾ, ಇದು ಮಗೂನಾ ಮೇಜಾ? ಯಾವಾಗ ನೋಡಿದ್ರೂ ಒರೆಸ್ತಾನೇ ಇರ್ತೀಯಲ್ಲೇ!" ಎಂದಳು. ನಗಬೇಕಾದ ಜಾಗ ಅದು ಎಂದು ಗೊತ್ತಾಯಿತು. ನಕ್ಕೆ.

ಕಳೆದ ವಾರ ಹಣ್ಣಿನ ಪಾಕ ಕಾಯಿಸುವಾಗ ಕೈ ಸುಟ್ಟುಕೊಂಡೆ. ಸುಟ್ಟದ್ದು ತಿಳಿದದ್ದು ಬೊಬ್ಬೆ ಎದ್ದ ಮೇಲೆ. ಹೀಗಿದ್ದೇನೆ. ಅತ್ತಿಲ್ಲ. ಅಳು ಬಂದರೆ ಅಳಬಾರದೆಂಬ ಹಟವೇನಿಲ್ಲ.

ಎಮೆಟ್ ಆ ಗಾಳವನ್ನು ಕೆತ್ತಿದ್ದು ನಮ್ಮ ಅಡುಗೆಮನೆಯ ಮೇಜಿನ ಮೇಲೇ ಅಲ್ಲವೇ? ಆ ಮೇಜನ್ನು ಒರೆಸುವಾಗೆಲ್ಲ ಅದು ನೆನಪಾಗುತ್ತದೆ. ನಿಮ್ಮೆಲ್ಲರ ಹತ್ತಿರ ಕಬ್ಬಿಣದ ಗಾಳಗಳ ಪೆಟ್ಟಿಗೆ ಇದ್ದಾಗ ಇವನಿಗೆ ಮಾತ್ರ ಹಳಬರ ಮರದ ಗಾಳವೇ ಬೇಕಾಯಿತು. ಅಮ್ಮನ ಅಣ್ಣ ಸೈರಸ್ ಮಾವ ಬೆಂಚಿನ ತುದಿಗೆ ಕೂತು ಹೇಳಿಕೊಡುತ್ತಿದ್ದರು. ಒಂದು ತೋಳು ಹಗುರ ಮರದ್ದು, ಒಂದು ತೋಳು ಭಾರದ್ದು. ಎರಡೂ ಒಂದೇ ಮರವಾದರೆ ಗಾಳ ನೀರಿನಲ್ಲಿ ಮಲಗುವುದಿಲ್ಲ, ತಿರುಗುತ್ತ ಕೂರುತ್ತದೆ. ಎರಡನ್ನೂ ಸ್ಪ್ರೂಸ್ ಮರದ ಬೇರಿನಿಂದ ಬಿಗಿದು ಕಟ್ಟಬೇಕು. ಗಾಳದ ಬಾಯಿಯ ಸಂದು ಮುಷ್ಟಿ ಹಿಡಿಸುವಷ್ಟೇ ಇರಬೇಕು, ಅದಕ್ಕಿಂತ ದೊಡ್ಡ ಬಾಯಿಯವಳು ಮೊಟ್ಟೆ ಇಡುವ ತಾಯಿ ಮೀನು, ಅವಳ ತಂಟೆಗೆ ಹೋಗಬಾರದು. ಮುಖ ಕೆತ್ತುವುದು ಕೆಳಗಿನ ಮಗ್ಗುಲಿಗೆ. ಪ್ರವಾಸಿಗರು ಕೊಳ್ಳುವ ಗಾಳದಲ್ಲಿ ಮುಖ ಗೋಡೆಯಿಂದ ಜನರನ್ನು ನೋಡುತ್ತದೆ. ನೀರಿಗಿಳಿಯುವ ಗಾಳದ ಮುಖ ತಳ ನೋಡಬೇಕು, ಅಲ್ಲಿ ಮರಳಿನ ಮೇಲೆ ಮಲಗಿರುವವನಿಗೆ, ಆ ಚಪ್ಪಟೆ ಮೀನಿಗೆ, ಕಾಣಬೇಕು.

ಆ ಮಧ್ಯಾಹ್ನದ ಮಾತುಗಳೆಲ್ಲ ನನಗೆ ನೆನಪಿವೆ. ಸೈರಸ್ ಮಾವ ಕನ್ನಡಕ ಏರಿಸಿ ನೋಡಿ, "ಇದ್ಯಾರೋ ಇದು? ಮೂಗಿಲ್ಲ ಕಿವಿಯಿಲ್ಲ, ಬರೀ ಬಾಯಿ!" ಎಂದರು.

"ನಿಮ್ಮ ಮೊಮ್ಮಗ ಮಾವ. ಅಳೋವಾಗ ನೋಡಿಲ್ವಾ?" ಎಂದ ಎಮೆಟ್.

"ಜೀವ ಇರೋ ಮಗೂ ಮುಖಾನ ಯಾರಾದ್ರೂ ನೀರಿಗಿಳಿಸ್ತಾರೇನೋ ಬುದ್ಧಿಗೇಡಿ! ನೀರುನಾಯಿ ಕೆತ್ತು, ಕಾಗೆ ಕೆತ್ತು."

"ನೀರುನಾಯಿ ನೋಡಿ ನೋಡಿ ತಳದಲ್ಲಿರೋನಿಗೂ ಬೇಜಾರಾಗಿದೆ ಮಾವ. ನಮ್ಮ ಗುಂಡನ್ನ ಇಳಿಸಿದ್ರೆ, ಸಾಕಪ್ಪಾ ಈ ಅಳು ಅಂತ ಬಾಯಿ ಮುಚ್ಚಿಸೋಕಾದ್ರೂ ಬಂದು ಕಚ್ತಾನೆ."

ನೀನು ಬಾಗಿಲಲ್ಲಿ ನಿಂತು, "ನನ್ನ ಮಗ ಕಣೋ ಅವನು, ನನ್ನ ಮೂಗಾದ್ರೂ ಇಡು" ಎಂದೆ.

"ನಿನ್ನ ಮೂಗು ಇಟ್ರೆ ತೂಕ ಜಾಸ್ತಿಯಾಗಿ ಗಾಳ ಎದ್ದೇ ಬರಲ್ಲ ಭಾವ. ಅಲ್ದೆ ನೀನು ಬರೀ ಅಪ್ಪ. ಸೋದರಮಾವ ನಾನು. ಹಲ್ಲು ಬಂದ ದಿನ ಈ ಗಾಳ ಅವನದ್ದು. ಕಚ್ಚಿ ನೋಡಿ, ಗಟ್ಟಿ ಇದೆಯೋ ಇಲ್ವೋ ಅವನೇ ಹೇಳ್ಲಿ."

ನೀವೆಲ್ಲ ನಕ್ಕಿರಿ. ನನಗೆ ಆ ಬಾಯಿ ತೆರೆದ ಮುಖ ಮೇಜಿನ ಮೇಲೆ ಕವುಚಿ ಬಿದ್ದದ್ದನ್ನು ನೋಡಲಾಗಲಿಲ್ಲ. ಅದನ್ನು ಹೇಳದೆ, ಚಕ್ಕೆಯೆಲ್ಲ ನೆಲಕ್ಕೆ ಬೀಳುತ್ತಿದೆ, ಗುಡಿಸಿ ಎಂದೆ.

ಇನ್ನು ಆ ದಿನ. ಅದನ್ನು ನೀನು ಒಂದೇ ಸಲ ಹೇಳಿದೆ. ನಿದ್ದೆಗೆಟ್ಟ ತಲೆಯಲ್ಲಿ ಮಾತುಗಳು ಜಾಗ ಬದಲಿಸುತ್ತವೆ. ಅದಕ್ಕೆ ನೀನು ಹೇಳಿದಂತೆಯೇ ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು.

ನೀವು ಬೆಳಿಗ್ಗೆ ಹೊರಟಾಗ ನೀರು ಎಣ್ಣೆಯಂತಿತ್ತು. ದ್ವೀಪದ ಹಿಂದಿನ ಮಡುವಿನಲ್ಲಿ ದೋಣಿ ನಿಲ್ಲಿಸಿದಿರಿ. ಎಮೆಟ್ ಆಕ್ಟೋಪಸ್ ತುಂಡನ್ನು ಗಾಳಕ್ಕೆ ಕಟ್ಟಿದ, ಕಲ್ಲು ಕಟ್ಟಿದ. ಗಾಳವನ್ನು ಇಳಿಸುವವನು ಅದರ ಜೊತೆ ಮಾತಾಡಬೇಕಲ್ಲ, ಮೀನಿನ ಹೆಸರೆತ್ತದೆ. ಅವನು ದೋಣಿಯ ಅಂಚಿಗೆ ಬಾಗಿ, "ಹೋಗೋ ಗುಂಡ, ನಿಮ್ಮಮ್ಮಂಗೆ ನಿದ್ದೆ ಕೊಡದ ಹಾಗೆ ಅವನಿಗೂ ಕೊಡಬೇಡ" ಎಂದ. ನೀನು ನಕ್ಕೆ. ಹಗ್ಗ ಇಳಿಯಿತು, ತೇಲುಬುರುಡೆ ನಿಂತಿತು. ಆಮೇಲೆ ಕೊಲ್ಲಿಯ ಕಡೆಯಿಂದ ಗಾಳಿ ಎದ್ದಿತು, ಮರಳುವ ಭರತದ ನೀರು ಗಾಳಿಗೆ ಎದುರಾಗಿ ನಿಂತು ಅಲೆ ಗೋಡೆಯಂತಾಯಿತು. ದೋಣಿ ಮಗುಚಿತು. ನೀನು ದೋಣಿಯ ಬೆನ್ನು ಹಿಡಿದೆ. ಅವನ ತೊಡೆಯವರೆಗಿನ ರಬ್ಬರ್ ಬೂಟಿನೊಳಗೆ ನೀರು ತುಂಬಿತ್ತು. ನೀನು ಹುಟ್ಟು ಚಾಚಿದೆ. ಅವನು ಹಿಡಿದ. ಸ್ವಲ್ಪ ಹೊತ್ತು ಹಿಡಿದೇ ಇದ್ದ. ಆಮೇಲೆ ಹುಟ್ಟು ಹಗುರಾಯಿತು.

ಹುಟ್ಟು ಹಗುರಾಯಿತು. ನೀನು ಹೇಳಿದ್ದು ಇಷ್ಟೇ. ಅವನು ಬಿಟ್ಟನೋ, ನೀನು ಬಿಟ್ಟೆಯೋ, ನೀರು ಬಿಡಿಸಿತೋ ಎಂದು ನಾನು ಕೇಳಲಿಲ್ಲ. ಕೇಳಲಿಲ್ಲ ಎಂಬುದನ್ನೇ ನೀನು ಕೇಳಿದಂತೆ ತೆಗೆದುಕೊಂಡೆ.

ಊರಿನವರ ಬಾಯಿಗೆ ಒಂದು ಕಾರಣ ಬೇಕಿತ್ತು. ಸೈರಸ್ ಮಾವ ಆ ಮುಖವೇ ಕಾರಣ ಎಂದರು, ಹೇಳಿ ತಾವೇ ಅತ್ತರು. ಇನ್ನು ಕೆಲವರು ನೀನು ದಡದಲ್ಲಿ ದೋಣಿ ದೂಡುವಾಗ ಮೀನಿನ ಹೆಸರೆತ್ತಿ ಜಂಬ ಕೊಚ್ಚಿದೆ ಎಂದರು. ನೀನು ಎತ್ತಿರಲಿಲ್ಲ, ನಾನು ಅಲ್ಲೇ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಹೇಳಬಹುದಿತ್ತು. ಯಾರಿಗೂ ಹೇಳಲಿಲ್ಲ. ಬಾಯಿ ತೆರೆಯುವುದು ಆಗ ದೊಡ್ಡ ಕೆಲಸವಾಗಿತ್ತು.

ಆ ಮೊದಲ ದಿನಗಳು ನನಗೆ ಚೂರು ಚೂರಾಗಿ ನೆನಪಿವೆ. ಮನೆ ತುಂಬ ನಿಮ್ಮ ಕಡೆಯವರು. ನಮ್ಮ ಒಲೆ ಹಚ್ಚುವವರು, ನೀರು ತರುವವರು, ಪಾತ್ರೆ ಮುಚ್ಚಿ ಊಟ ತರುವವರು ಎಲ್ಲ ಹದ್ದಿನ ಕಡೆಯವರು. ಗಂಡಸರೆಲ್ಲ ಬೆಳಗಾದರೆ ದೋಣಿಗಳಲ್ಲಿ ಹುಡುಕಲು ಹೋಗುತ್ತಿದ್ದರು. ನನ್ನ ಎದೆಹಾಲು ಬತ್ತಿಹೋಗಿತ್ತು. ಸೈಮನ್ ಅತ್ತು ಅತ್ತು ದನಿ ಬಿದ್ದು, ಬಾಯಿ ತೆರೆದು ಸದ್ದಿಲ್ಲದೆ ಅಳುತ್ತಿದ್ದ. ಥೇಟ್ ಆ ಕೆತ್ತನೆಯಂತೆ. ಒಂದು ಸಂಜೆ ನೀನು ಹುಡುಕಾಟದಿಂದ ಬಂದವನು ಒಂದು ಚಪ್ಪಟೆ ಮೀನನ್ನು ತಂದು ಬಾಗಿಲ ಬಳಿ ಇಟ್ಟೆ. ದೊಡ್ಡದೂ ಅಲ್ಲ, ಮರಿಯೂ ಅಲ್ಲ. "ಅಗಾಥಾ ಚಿಕ್ಕಮ್ಮ ಕಳಿಸಿದ್ದು, ಹಾಲು ಬರ್ಲಿ ಅಂತ" ಎಂದೆ. ಅಮ್ಮ ತಲೆ ಬೇಯಿಸಿ ಸಾರು ಮಾಡಿದಳು. ನಾನು ಬಟ್ಟಲುಗಟ್ಟಲೆ ಕುಡಿದೆ. ಮಾರನೆಯ ದಿನ ಹಾಲು ಬಂತು. ಸೈರಸ್ ಮಾವ ಕೂಡ ಎರಡು ದಿನದ ಮೇಲೆ ಮೊದಲ ಸಲ ತಟ್ಟೆ ಮುಂದೆ ಕೂತದ್ದು ಅವತ್ತೇ. ನೀನು ಮಾತ್ರ ಹೊಟ್ಟೆ ಸರಿಯಿಲ್ಲ ಎಂದು ಹೊರಗೆ ಮೆಟ್ಟಿಲ ಮೇಲೆ ಕೂತು, ಆಗಲೇ ಹರಿತವಾಗಿದ್ದ ಚಾಕುವನ್ನು ಮಸೆಯುತ್ತಿದ್ದೆ. ಅಮ್ಮ ಒಲೆಗೆ, "ಉಣ್ಣದೆ ಸಮುದ್ರಕ್ಕೆ ಹೋದ್ರೆ ಸಮುದ್ರ ಉಣ್ಣತ್ತೆ ಅಂತ ಯಾರಾದ್ರೂ ಹೇಳ್ರಪ್ಪಾ" ಎಂದಳು. ನೀನು ಚಾಕುವನ್ನು ಮಗುಚಿ ಇನ್ನೊಂದು ಬದಿ ಮಸೆದೆ. ಉಳಿದ ಮೀನನ್ನು ಅವಳು ಪಟ್ಟಿ ಕೊಯ್ದು, ಹೊಗೆಗೆ ಕಟ್ಟಿ, ಸೀಲ್ ಪ್ರಾಣಿಯ ಕೊಬ್ಬಿನ ಎಣ್ಣೆಯ ಜಾಡಿಯಲ್ಲಿ ಮುಳುಗಿಸಿದಳು.

ಅವನು ಸಿಗಲಿಲ್ಲ. ನಲವತ್ತನೆಯ ದಿನದ ಪ್ರಾರ್ಥನೆ ಮುಗಿಯಿತು. ಅಷ್ಟರಲ್ಲಿ ನಾನು ಸೈಮನ್‌ನನ್ನು ನಿನ್ನ ಕೈಗೆ ಕೊಡುವುದನ್ನು ನಿಲ್ಲಿಸಿದ್ದೆ. ಕೈ ತಣ್ಣಗಿದೆ ಎಂದೆ. ಅಂಗಿ ಒದ್ದೆ ಇದೆ ಎಂದೆ. ಒಂದು ದಿನ ಅಂಗಿ ಒಣಗಿತ್ತು, ಕೈ ಬೆಚ್ಚಗಿತ್ತು, ನೀನು ಎರಡೂ ಕೈ ಚಾಚಿದ್ದೆ, ನಾನು ಮಗು ನಿದ್ದೆಯಲ್ಲಿದೆ ಎಂದೆ. ಮಗು ಕಣ್ಣು ಬಿಟ್ಟು ನಿನ್ನನ್ನೇ ನೋಡುತ್ತಿತ್ತು. ಆ ವಾರ ನೀನು ಪೀಟರ್ಸ್‌ಬರ್ಗಿಗೆ ಹೋಗುವ ದೋಣಿ ಹತ್ತಿದೆ. ನಾನು ಹೋಗು ಎನ್ನಲಿಲ್ಲ. ಹೋಗಬೇಡ ಎಂದೂ ಎನ್ನಲಿಲ್ಲ. ಆ ದಿನದ್ದನ್ನು ಹೇಳಿದ ಮೇಲೆ ಹೊರಡುವವರೆಗೆ ನೀನು ಒಮ್ಮೆಯೂ ಎಮೆಟ್‌ನ ಹೆಸರೆತ್ತಲಿಲ್ಲ, ಅದು ನನಗೆ ಗೊತ್ತು. 'ಅವನು' ಎನ್ನುತ್ತಿದ್ದೆ. ತಳದಲ್ಲಿ ಮಲಗಿರುವ ಮೀನಿಗೆ ಹೇಳುವ ಹಾಗೆ.

ಮೇಲೆ, ಪೊಟ್ಟಣ ಬಿಚ್ಚಿಲ್ಲ ಎಂದು ಬರೆದಿದ್ದೇನೆ. ಹೊಡೆದುಹಾಕಬಹುದು, ಹಾಗೇ ಇರಲಿ. ಬಿಚ್ಚಿದೆ.

ಮಂಗಳವಾರ ಮಧ್ಯಾಹ್ನ ಅಮ್ಮ ಚರ್ಚಿನ ಅಡುಗೆಮನೆಗೆ ಜಾಡಿ ಎಣಿಸಲು ಹೋಗಿದ್ದಳು. ನಾನು ಕುರ್ಚಿ ಹತ್ತಿ ಪೊಟ್ಟಣ ಇಳಿಸಿದೆ. ನಿನ್ನ ಉಣ್ಣೆಯ ಕಾಲುಚೀಲ, ಅದರೊಳಗೆ ಗಾಳ. ಅದು ಅವನ ಜೊತೆಗೇ ಹೋಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಸೈರಸ್ ಮಾವ ಪ್ರಾರ್ಥನೆಯಲ್ಲೂ ಹಾಗೇ ಹೇಳಿದ್ದರು, ಅವನ ಗಾಳ ಅವನ ಕೈಯಲ್ಲಿರಲಿ ಎಂದು. ಅದು ನನ್ನ ಮೇಜಿನ ಮೇಲಿತ್ತು, ಕೆತ್ತಿದ ಜಾಗದಲ್ಲೇ. ನನಗೆ ಏನೂ ಅನ್ನಿಸಲಿಲ್ಲ. ಕೆಟಲ್ ಕೂಗಿತು, ಇಳಿಸಲು ಎದ್ದು ಹೋದೆ. ತಿರುಗಿ ನೋಡುವಾಗ ಸೈಮನ್ ಕುರ್ಚಿ ಹಿಡಿದು ನಿಂತು, ಗಾಳದ ಒಂದು ತೋಳನ್ನು ಬಾಯಿಗಿಟ್ಟು ಕಚ್ಚುತ್ತಿದ್ದ.

ನಾನು ಕಿರುಚಲಿಲ್ಲ. ಕಿರುಚಿದರೆ ಬೆಚ್ಚುತ್ತಾನೆ, ಬೆಚ್ಚಿದರೆ ಮೂಳೆಯ ಮುಳ್ಳು ಅಂಗುಳಕ್ಕೆ ಹೋಗುತ್ತದೆ ಎಂದು ನನ್ನ ತಲೆ ಬಹಳ ನಿಧಾನವಾಗಿ ಹೇಳಿತು. ಹತ್ತಿರ ಹೋಗಿ ಗಾಳವನ್ನು ಬಿಡಿಸಿದೆ. ಕಿಟಕಿಯ ಬೆಳಕಿಗೆ ಅವನ ಬಾಯಿ ತೆರೆಸಿ ಮೂಲೆ ಮೂಲೆ ನೋಡಿದೆ. ರಕ್ತವಿಲ್ಲ. ಎಷ್ಟು ಗಟ್ಟಿಯಾಗಿ ಕಚ್ಚಿದ್ದಾನೆಂದು ನೋಡಲು ಮರವನ್ನು ತಿರುಗಿಸಿದೆ. ಹಗುರ ತೋಳಿನ ತುದಿಯಲ್ಲಿ ಅವನ ಹಲ್ಲಿನ ಗುರುತು, ಚಿಕ್ಕ ಚಿಕ್ಕ ತಗ್ಗು, ಜೊಲ್ಲಿನಿಂದ ಒದ್ದೆ. ಅದರ ಪಕ್ಕದಲ್ಲಿ ಬೇರೆ ಗುರುತುಗಳಿದ್ದವು.

ಸೂಜಿ ಒತ್ತಿ ಎಳೆದಂತೆ ಸಾಲಾಗಿ, ಆಳವಾಗಿ. ಮುಳ್ಳಿನ ಕೆಳಗೆ ದಟ್ಟವಾಗಿ. ಕೆಲವು ಆಚೆಯ ತೋಳಿನವರೆಗೂ ಹೋಗಿವೆ. ಕೆತ್ತಿದ ಮುಖದ ಒಂದು ಕೆನ್ನೆ ಉಜ್ಜಿಹೋಗಿದೆ. ಅಜ್ಜನ ಕಾಲದ ಗಾಳಗಳ ಮೇಲೆ ಮೀನಿನ ಹಲ್ಲಿನ ಇಂಥ ಗುರುತುಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಗುರುತು ಹೆಚ್ಚಿದ್ದಷ್ಟೂ ಆ ಗಾಳಕ್ಕೆ ಮರ್ಯಾದೆ ಹೆಚ್ಚು. ಆದರೆ ಇದು ಹೊಸ ಗಾಳ. ನೀವು ಹೊರಟ ಬೆಳಿಗ್ಗೆ ಎಮೆಟ್ ಇದನ್ನು ನನ್ನ ಮೂಗಿನ ಕೆಳಗೆ ಹಿಡಿದು, "ಮೂಸಿ ನೋಡಕ್ಕಾ, ಇನ್ನೂ ಮರದ ವಾಸನೆ" ಎಂದಿದ್ದ. ಆಗ ಒಂದು ಗೀರೂ ಇರಲಿಲ್ಲ. ನೀರಿಗಿಳಿದದ್ದು ಒಂದೇ ಸಲ.

ನಾನು ಮೊದಲು ಮಾಡಿದ್ದೇನು ಗೊತ್ತೇ? ಸೈಮನ್‌ನ ಕೆನ್ನೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಆ ಮುಖದಲ್ಲಿ ಉಜ್ಜಿಹೋದ ಅದೇ ಕಡೆಯ ಕೆನ್ನೆ. ಅದರ ಮೇಲೆ ಜಾಮ್ ಅಂಟಿತ್ತು. ನೆಕ್ಕಿದೆ, ಹೋಯಿತು.

ಅಂದರೆ ಎಮೆಟ್ ಇಳಿಸಿದ ಗಾಳ ಮೀನು ಹಿಡಿದಿದೆ. ಅವನು ಹೋದ ಮೇಲೆ ಹಿಡಿದಿದೆ. ಮೇಲೆ ಎಳೆದವನು ನೀನು. ಅದನ್ನು ನೀನು ಯಾರಿಗೂ ಹೇಳಲಿಲ್ಲ, ಒಂದು ವರ್ಷ ಇಟ್ಟುಕೊಂಡಿದ್ದೆ, ಈಗ ಊಟದ ಸಮಯಕ್ಕೆ ಒಂದು ಸಾಲೂ ಬರೆಯದೆ ಕಳಿಸಿದ್ದೀಯ. ನೀನು ಬರುವುದಿಲ್ಲ ಎಂದು ಇದರ ಅರ್ಥವೇ? ನಿನ್ನ ಬದಲಿಗೆ ಇದನ್ನು ಕೂರಿಸಿಕೊಳ್ಳಿ ಎಂದೇ? ಹಾಗಿದ್ದರೆ ಆಗುವುದಿಲ್ಲ. ಗಾಳಕ್ಕೆ ಕಂಬಳಿ ಹೊದಿಸಲು ಬರುವುದಿಲ್ಲ.

ಅವತ್ತು ಸಂಜೆ ತೊಟ್ಟಿಗೆ ನೀರು ತುಂಬಿಸಿದೆ. ಸೈಮನ್‌ನನ್ನು ಕೂರಿಸಿದೆ. ನನ್ನ ಕೈ ಅವನ ಕಂಕುಳಲ್ಲೇ ಇತ್ತು, ಬಿಡಲಿಲ್ಲ. ಅವನು ಎರಡೂ ಅಂಗೈಯಲ್ಲಿ ನೀರನ್ನು ಬಡಿದ. ಅಮ್ಮ ಬಾಗಿಲಿಗೆ ಬಂದು ನೋಡಿ, ಸದ್ದು ಮಾಡದೆ ಹೋಗಿ, ಒಲೆಯ ಹತ್ತಿರ ಏನೋ ಹೇಳಿದಳು. ಏನೆಂದು ಕೇಳಿಸಲಿಲ್ಲ.

ಗಾಳವನ್ನು ಸೈರಸ್ ಮಾವನಿಗೆ ತೋರಿಸಿದೆ. ಎಲ್ಲಿಂದ ಬಂತೆಂದು ಹೇಳಿದೆ, ಅಷ್ಟೇ ಹೇಳಿದೆ. ಅವರು ಹೆಬ್ಬೆರಳಿನಿಂದ ಗುರುತುಗಳನ್ನು ಒಂದೊಂದೇ ಸವರಿದರು. ಕೊನೆಗೆ ಮಗುವಿನ ಹಲ್ಲಿನ ತಗ್ಗಿಗೆ ಬಂದು ನಿಂತರು. "ಇದು ಯಾವ ಜಾತಿ ಮೀನೇ?" ಎಂದರು. "ನಿಮ್ಮ ಮೊಮ್ಮಗ" ಎಂದೆ. "ಗಟ್ಟಿ ಇದೆಯಂತಾ?" ಎಂದು ಮಗುವನ್ನೇ ಕೇಳಿದರು. ಸೈಮನ್ ಅವರ ಹೆಬ್ಬೆರಳನ್ನು ಕಚ್ಚಿದ. ಮುದುಕರು ಕೈ ಎಳೆದುಕೊಳ್ಳಲಿಲ್ಲ. ಆ ಮುಖದ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಊಟದ ದಿನ ಹೆಸರು ಕರೆಯುವವರು ಅವರೇ. ಎಮೆಟ್‌ನ ದೊಡ್ಡ ಹೆಸರು, ಕುಲದ ಹೆಸರು, ಅವನಿಗೆ ಅಮ್ಮನ ಸೋದರಮಾವನಿಂದ ಬಂದದ್ದು. ಅದನ್ನು ಕಾಗದದ ಮೇಲೆ ಬರೆಯಬೇಡ ಎಂದಿದ್ದಾಳೆ ಅಮ್ಮ, ಬರೆಯುವುದಿಲ್ಲ. ಗೋರಿಯಿಲ್ಲದವನ ಹೆಸರನ್ನು ನನ್ನ ಮಗುವಿನ ಮೇಲೆ ಹೊರಿಸಬೇಡಿ ಎಂದು ಚಳಿಗಾಲವಿಡೀ ಹಟ ಹಿಡಿದಿದ್ದವಳು ನಾನೇ. ನೀರು ಆ ಹೆಸರಿನ ರುಚಿ ನೋಡಿದೆ, ಮತ್ತೆ ಕೇಳಿಕೊಂಡು ಬರುತ್ತದೆ ಎಂದು ನನಗೆ ಅನಿಸುತ್ತಿತ್ತು. ಈಗಲೂ ಹೆದರಿಕೆ ಪೂರ್ತಿ ಹೋಗಿಲ್ಲ. ಆದರೆ ಹೂಂ ಎಂದಿದ್ದೇನೆ. ಮಾವ ನಾಲ್ಕು ಸಲ ಕರೆಯುತ್ತಾರೆ, ನಾಲ್ಕು ಸಲವೂ ನಿಮ್ಮ ಕಡೆಯವರು ತಿರುಗಿ ಹೇಳಬೇಕು. ಹೇಳದಿದ್ದರೆ ಅದು ಹೆಸರಲ್ಲ, ಬರೀ ಸದ್ದು. ಅಷ್ಟು ಜನರ ನಡುವೆ ನಿನ್ನ ದನಿಯನ್ನು ಅಡಗಿಸಿಕೊಳ್ಳಬಹುದು, ಯಾರಿಗೂ ತಿಳಿಯುವುದಿಲ್ಲ. ಆದರೆ ಮಗು ನಿನ್ನ ತೊಡೆಯ ಮೇಲಿರುತ್ತದೆ. ಅದರ ಬೆನ್ನು ನಿನ್ನ ಎದೆಗೆ ತಾಗಿರುತ್ತದೆ. ನೀನು ಹೇಳಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುತ್ತದೆ.

ಮಗುವನ್ನು ನಿನ್ನ ಕೈಗೆ ಕೊಡುವವಳು ನಾನೇ. ಕೈ ತಣ್ಣಗಿದ್ದರೂ ಕೊಡುತ್ತೇನೆ.

ಅದಾದ ಮೇಲೆ ನೀನು ಇಲ್ಲಿ ಉಳಿಯುತ್ತೀಯೋ ಹೋಗುತ್ತೀಯೋ, ಉಳಿದರೆ ನಾನು ಹೇಗಿರುತ್ತೇನೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆಯಲು ಪ್ರಯತ್ನಿಸಿದೆ, ಕೈ ಬರಲಿಲ್ಲ. ಆ ಹುಟ್ಟು ಹಗುರಾದ ಬಗ್ಗೆ ಎಂದಾದರೂ ಕೇಳುತ್ತೇನೋ ಏನೋ. ಊಟದ ದಿನ ಕೇಳುವುದಿಲ್ಲ.

ಮಗು ಎದ್ದ ಸದ್ದು. ಈ ಸಲ ಕನ್ನಡಿ ಹಿಡಿಯುವ ಮೊದಲೇ ಎದ್ದಿದ್ದಾನೆ. ಊಟದ ಮುನ್ನಾದಿನ, ಶುಕ್ರವಾರದ ದೋಣಿಗೆ ಬಾ. ದಪ್ಪ ಅಂಗಿ ತಾ, ಸಭಾಮನೆಯ ಒಲೆ ಈಗಲೂ ಸರಿಯಿಲ್ಲ.

ನಿನ್ನ ಮಗನ ತಾಯಿ, ಎಮೆಟ್‌ನ ಅಕ್ಕ,
ಲೆನೋರಾ

ತಾ.ಕ. ಕಾಗದ ಮಡಚಿಟ್ಟು ಅಂಚೆಗೆ ಹೋಗುವ ದಾರಿಯಲ್ಲಿ ನಿನ್ನ ಚಿಕ್ಕಮ್ಮ, ಅಗಾಥಾ ಅತ್ತೆ, ಸಿಕ್ಕರು. ಹೋದ ವರ್ಷ ಮೀನು ಕಳಿಸಿದ್ದಕ್ಕೆ ನಾನು ಉಪಕಾರವನ್ನೇ ಹೇಳಿಲ್ಲ, ಊಟಕ್ಕೆ ಮುಂಚೆ ಹೇಳಿಬಿಡಬೇಕು ಎಂದು ಹೇಳಿದೆ. ಹಾಗೆಂದು ಹೇಳಿದೆನಷ್ಟೆ, ನನಗೆ ಬೇಕಾಗಿದ್ದದ್ದು ಆ ಮೀನು ನಿಜಕ್ಕೂ ಅವರದ್ದೇ ಎಂದು ತಿಳಿಯುವುದು. "ಯಾವ ಮೀನೇ ಹುಡುಗಿ?" ಎಂದರು ಅವರು. "ಆಗ ನಮ್ಮ ದೋಣಿ ತಳ ಒಡೆದು ದಡದ ಮೇಲೆ ಬೋರಲು ಬಿದ್ದಿತ್ತು. ನಾವೇ ಡಬ್ಬಿ ಮೀನು ತಿಂತಿದ್ವಿ, ನಾಚಿಕೆಗೇಡು! ನಿದ್ದೆಗೆಟ್ಟು ನಿಂಗೆ ಯಾರ ಉಪಕಾರ ಯಾರಿಗೆ ಅಂತಾನೇ ತಿಳೀತಿಲ್ಲ." ಬೇರೆ ಯಾರೋ ಇರಬೇಕು ಅತ್ತೆ, ನಾನೇ ಮರೆತಿದ್ದೇನೆ ಎಂದೆ.

ಎಮೆಟ್‌ನ ಗಾಳ ಹಿಡಿದ ಆ ಮೀನನ್ನು ನಾವೆಲ್ಲ ತಿಂದಿದ್ದೇವೆ ವೆಸ್ಲಿ. ಅಮ್ಮ, ಸೈರಸ್ ಮಾವ, ನಾನು, ನನ್ನ ಹಾಲಿನಲ್ಲಿ ಸೈಮನ್. ತಿನ್ನದೆ ಉಳಿದವನು ನೀನೊಬ್ಬನೇ. ಇವತ್ತು ನೆಲಮನೆಗೆ ಇಳಿದು ನೋಡಿದೆ. ಎಣ್ಣೆಯ ಜಾಡಿಯ ತಳದಲ್ಲಿ ಇನ್ನೂ ಒಂದು ತಟ್ಟೆಗಾಗುವಷ್ಟು ಪಟ್ಟಿಗಳಿವೆ. ಅಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಜಾಡಿಯನ್ನು ಬೇರೆ ಇಟ್ಟಿದ್ದೇನೆ. ಆ ತಟ್ಟೆಯನ್ನು ನಿನ್ನ ಮುಂದೆ ಇಡುವವಳು ನಾನು. ಅವತ್ತಿನ ಹಾಗೆ ಹೊಟ್ಟೆ ಸರಿಯಿಲ್ಲ ಎನ್ನಬೇಡ.